ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ, ಅಮ್ಮ ದಾರ ಹಿಡಿದು ಅಳೆದ ದೂರ

ಅಮ್ಮನ್ನ ಇಲ್ಲಿಗೆ ಕರ್ಕೊಂಡ್ ಬರೋಕೆ ಟಿಕೆಟ್ ನೋಡ್ತಿದ್ದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ದೂರ ಕಣೋ?" ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದೆ, ಅವಳಿಗೆ ಅದು ತಲೆಗೆ ಹೋಗ್ಲಿಲ್ಲ. ಆಗ ನಾನು ಹಾಸನದ ಮನೇಲೇ ಇದ್ದೆ, ಅಣ್ಣನ ಮಗಳ ಗ್ಲೋಬ್ ಎತ್ಕೊಂಡ್ ಬಂದು, ಅಮ್ಮ ಹೂ ಕಟ್ಟೋ ದಾರಾನೇ ತಗೊಂಡು, ಒಂದು ತುದಿ ಬೆಂಗಳೂರಿನ ಮೇಲೆ ಅವಳ ಬೆರಳಲ್ಲಿ ಒತ್ತಿಸಿ, ಇನ್ನೊಂದನ್ನ ನಾನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಹಿಡಿದು ಬಿಗಿಯಾಗಿ ಎಳೆದೆ. ದಾರ ಯುರೋಪ್ ಕಡೆ ಹೋಗ್ಲೇ ಇಲ್ಲ! ಚೀನಾ, ಸೈಬೀರಿಯಾ ದಾಟಿ ಮೇಲಕ್ಕೆ ಹೋಗಿ ಅಲಾಸ್ಕಾ ಮೇಲಿಂದ ಇಳೀತು. "ಅಯ್ಯೋ, ಇದೇನೋ ಹಿಮದ ಮೇಲೆ!" ಅಂದ್ಲು.

ಗೋಡೆ ಮ್ಯಾಪ್ ನೋಡಿದ್ರೆ ಇದು ಹೊಳೆಯೋದೇ ಇಲ್ಲ, ಭೂಮಿ ದುಂಡಗಿರೋದ್ರಿಂದ ಹತ್ತಿರದ ದಾರಿ ಹೀಗೆ ಉತ್ತರಕ್ಕೆ ಬಾಗುತ್ತೆ. ಆದ್ರೆ ವಿಮಾನ ದಾರದ ಮೇಲೇ ಹಾರಲ್ಲ, ಗಾಳಿ ಎಲ್ಲಿ ಅನುಕೂಲ, ಯಾವ ದೇಶದ ಆಕಾಶ ತೆರೆದಿದೆ ಎಲ್ಲಾ ನೋಡ್ಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಇಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೇ ಹೋಯ್ತು, ಸುಮಾರು 16,000 ಕಿಮೀ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತೆ ಕಾಕ್‌ಪಿಟ್‌ನಲ್ಲಿ ಪೂರ್ತಿ ಹೆಣ್ಮಕ್ಕಳು. ಇದನ್ನ ಹೇಳಿದ್ಮೇಲೆ ಅಮ್ಮನ ಭಯ ಅರ್ಧ ಹೋಯ್ತು.

ಅಪ್ಪ ಅಮ್ಮನಿಗೆ ಟಿಕೆಟ್ ಮಾಡೋರು ಇದೊಂದು ಲೆಕ್ಕ ಹಾಕಿ. ದುಬೈ ಮೇಲೆ ಹೋದ್ರೆ ಮೊದಲು 2,700 ಕಿಮೀ, ಆಮೇಲೆ 13,000, ಅಂದ್ರೆ ನಾಲ್ಕು ಗಂಟೆ ಹಾರಿ, ಇಳಿದು, ಕಾದು, ಮತ್ತೆ ಹದಿನಾರು ಗಂಟೆ ಕೂರೋದು. ಫ್ರಾಂಕ್‌ಫರ್ಟ್ ಮೇಲೆ 7,400, ಆಮೇಲೆ 9,100. ಒಟ್ಟು ದೂರ ಸ್ವಲ್ಪ ಜಾಸ್ತಿ, ಆದ್ರೆ ಮಂಡಿ ನೋವಿರೋರಿಗೆ ಮಧ್ಯ ಎದ್ದು ಓಡಾಡೋಕೆ ಸಿಗುತ್ತೆ. ಅಮ್ಮನಿಗೆ ಭಾಷೆ ಸಮಸ್ಯೆ, ಮಧ್ಯ ಇಳಿಯೋದೇ ಬೇಡ ಅಂತ ನಾನು ಡೈರೆಕ್ಟ್ ಫ್ಲೈಟೇ ಮಾಡ್ದೆ, ವೀಲ್‌ಚೇರ್ ಬುಕ್ ಮಾಡುವಾಗ್ಲೇ ಹಾಕ್ಸಿ, ಐಲ್ ಸೀಟು ತಗೊಂಡು, ಎರಡು ಗಂಟೆಗೊಂದ್ಸಲ ಎದ್ದು ನಡಿ ಅಂತ ನೂರ್ ಸಲ ಹೇಳಿ ಕಳ್ಸಿದ್ದು.

ಹಾರಾಟ ಹದಿನಾರು ಗಂಟೆ, ಆದ್ರೆ ಹಾಸನದಿಂದ ದೇವನಹಳ್ಳಿಗೆ ಐದು ಗಂಟೆ, ಮೂರು ಗಂಟೆ ಮುಂಚೆ ಏರ್‌ಪೋರ್ಟು, ಇಲ್ಲಿ ಇಮಿಗ್ರೇಶನ್ ಕ್ಯೂ, ನಮ್ಮನೆಗೆ ಡ್ರೈವು, ಎಲ್ಲಾ ಸೇರಿ ಇಪ್ಪತ್ತಾರು ಗಂಟೆ ಆಯ್ತು. ಚಳಿಗಾಲದಲ್ಲಿ ಇಲ್ಲಿನ ಟೈಮ್ ಊರಿಗಿಂತ ಹದಿಮೂರೂವರೆ ಗಂಟೆ ಹಿಂದೆ, ಹಾಗಾಗಿ ಸೋಮವಾರ ಮಧ್ಯಾಹ್ನ ಹತ್ತಿದವಳು ಸೋಮವಾರ ಸಂಜೇನೇ ಇಳಿದ್ಲು.

ಕಾರಲ್ಲಿ ಕೂತ್ಮೇಲೆ ಅವಳ ವಾಚ್ ಸರಿ ಮಾಡೋಕೆ ಕೈ ಹಾಕ್ದೆ. ಬಿಡ್ಲಿಲ್ಲ. "ಇರ್ಲಿ ಬಿಡೋ, ನಿಮ್ಮಪ್ಪ ಮಾತ್ರೆ ತಗೊಳೋ ಹೊತ್ತು ನಂಗೆ ಗೊತ್ತಾಗ್ಬೇಕಲ್ಲ" ಅಂದ್ಲು.