ಅಡಿಕೆ ಶೆಡ್ಡಿನೊಳಗೆ ಸಿಎನ್‌ಸಿ: ನಾಲ್ಕು ತಿಂಗಳಾಯಿತು

ಹೋದ ಸಲ ಬರೆದಾಗ ಶೆಡ್ಡು ಖಾಲಿ ಇತ್ತು. ಈಗ ಒಳಗೆ ಅಡ್ಡ ತಿರುಗಲೂ ಜಾಗ ಇಲ್ಲ.

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬಳಸುತ್ತಿದ್ದ ಹಂಚಿನ ಶೆಡ್ಡು ಇದು. 20 ಅಡಿ ಉದ್ದ, 12 ಅಡಿ ಅಗಲ. ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಕೆಲಸದ ಮೇಜು, ಹುಡಿ ಎಳೆಯುವ ಯಂತ್ರ, ಜೊತೆಗೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ 2 ಅಡಿಗೆ 3 ಅಡಿಯ ಸಿಎನ್‌ಸಿ ರೂಟರ್ ಇಷ್ಟರಲ್ಲೇ ಕೂರಬೇಕು.

ಕಂಪ್ಯೂಟರಿನಲ್ಲಿ ಮೂರು ನಕ್ಷೆ ಬಿಡಿಸಿದ್ದೆ. ಪರದೆ ಮೇಲೆ ಎಲ್ಲವೂ ಹಿಡಿಸುತ್ತದೆ, ಅದೇ ತೊಂದರೆ. ಕೊನೆಗೆ ರಂಗೋಲಿ ಪುಡಿ ತಗೊಂಡು ಅಂಗಳದಲ್ಲಿ ಶೆಡ್ಡಿನಷ್ಟೇ ದೊಡ್ಡ ಚೌಕ ಎಳೆದೆ. ಯಂತ್ರಗಳ ಅಳತೆಗೆ ರಟ್ಟು ಕತ್ತರಿಸಿ ಅದರೊಳಗೆ ಇಟ್ಟೆ. ಜಗಲಿಯಲ್ಲಿ ಕೂತಿದ್ದ ಅಜ್ಜಿ "ಎಂತಾ ಮಾರಾಯ, ಮನೇಲಿ ಹೋಮ ಇಟ್ಕಂಡಿದೀಯಾ?" ಎಂದು ಕೇಳಿದರು. 8 ಅಡಿಯ ರೀಪು ಹೊತ್ತು ಆ ಗೆರೆಗಳ ನಡುವೆ ಓಡಾಡಿದೆ. ಎರಡೇ ನಿಮಿಷಕ್ಕೆ ತಪ್ಪು ಸಿಕ್ಕಿತು. 8 ಅಡಿ ಪ್ಲೈವುಡ್ಡನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಹಿಂದೆ 8 ಅಡಿ, ಮುಂದೆ 8 ಅಡಿ ಖಾಲಿ ಬೇಕು. ನಾನು ಟೇಬಲ್ ಸಾ ಅನ್ನು ಗೋಡೆಗೆ ಒತ್ತಿ ಇಟ್ಟಿದ್ದೆ!

ಬಾಗಿಲ ನೇರಕ್ಕೆ ಇಟ್ಟು ಹಲಗೆಯನ್ನು ಹೊರಗೆ ಚಾಚಿದರಾಯಿತು ಎಂದು ಗೆಳೆಯ ಹೇಳಿದ. ನಮ್ಮ ಬಾಗಿಲು ಪಶ್ಚಿಮಕ್ಕಿದೆ. ಜೂನಿನಲ್ಲಿ ಅದನ್ನು ತೆಗೆದರೆ ಎರಚಲು ನೇರ ಮೋಟಾರಿಗೇ. ಹಾಗಾಗಿ ಸಾ ಈಗ ಶೆಡ್ಡಿನ ನಡುವೆ ಉದ್ದಕ್ಕೆ ನಿಂತಿದೆ. ಅದರ ಹಿಂದೆ ಕೆಲಸದ ಮೇಜು, ಸಾ ಮಟ್ಟಕ್ಕಿಂತ ಒಂದು ಕೂದಲೆಳೆ ಕೆಳಗೆ. ಸೀಳಿದ ಹಲಗೆ ಅದರ ಮೇಲೆಯೇ ಜಾರುತ್ತದೆ. ಸಿಎನ್‌ಸಿ ಪೂರ್ವದ ಮೂಲೆಯಲ್ಲಿ, ಗೋಡೆಯಿಂದ ಒಂದಡಿ ಈಚೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ಉಳಿದದ್ದಕ್ಕೆಲ್ಲ ಚಕ್ರ.

ಇದಕ್ಕೆ ಮೂರು ಫೇಸಿನ ಲೈನ್ ಬೇಡವಾ ಎಂದು ತುಂಬಾ ಜನ ಕೇಳಿದ್ದರು. ಕೆತ್ತುವ ಮೊನೆಯನ್ನು, ಅಂದರೆ ಬಿಟ್ಟನ್ನು, ತಿರುಗಿಸುವ 2.2 ಕಿಲೋವ್ಯಾಟಿನ ಸ್ಪಿಂಡಲ್ ಮೂರು ಫೇಸಿನ ಮೋಟಾರೇ ಹೌದು. ಆದರೆ ವಿಎಫ್‌ಡಿ ಎಂಬ, ಮೋಟಾರಿನ ವೇಗ ಬದಲಿಸುವ ಪೆಟ್ಟಿಗೆ ಮನೆಯ ಸಿಂಗಲ್ ಫೇಸ್ ತಗೊಂಡು ಅದಕ್ಕೆ ಮೂರು ಫೇಸ್ ಮಾಡಿ ಕೊಡುತ್ತದೆ. 400 ಹರ್ಟ್ಸ್‌ಗೆ ಏರಿಸಿದರೆ ನಿಮಿಷಕ್ಕೆ 24,000 ಸುತ್ತು. ಪಂಪ್‌ಸೆಟ್ಟಿನ ಲೈನಿಗೆ ಕಾಯಬೇಕಿಲ್ಲ. ನಾನು ಎಡವಿದ್ದು ಬೇರೆ ಕಡೆ. ವಿಎಫ್‌ಡಿಯ ತಂತಿಯನ್ನೂ, ಯಂತ್ರ ಅಂಚು ಮುಟ್ಟಿದರೆ ತಿಳಿಸುವ ಲಿಮಿಟ್ ಸ್ವಿಚ್ಚಿನ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆದಿದ್ದೆ. ಸ್ಪಿಂಡಲ್ ತಿರುಗಿದ ಕೂಡಲೇ ಯಾರೂ ಮುಟ್ಟದೆ ಅಲಾರಂ. ಒಂದು ವಾರ ಸುಮ್ನೆ ಸಾಫ್ಟ್‌ವೇರನ್ನು ಬೈದೆ. ಶೀಲ್ಡ್ ಇರುವ ಕೇಬಲ್ ಹಾಕಿ, ಎರಡನ್ನೂ ದೂರ ಎಳೆದು, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥ್ ಗುಂಡಿ ಮಾಡಿದ ಮೇಲೆ ಅದು ನಿಂತಿತು.

ಆ ಸ್ವಿಚ್ಚುಗಳು ಬೇಕಾಗಿದ್ದೇ ಕರೆಂಟ್ ಹೋಗುತ್ತದೆ ಅಂತ. ಮೊದಲ ಹಲಸಿನ ಬಾಗಿಲ ಫಲಕ ಎರಡೂವರೆ ಗಂಟೆ ಕೆತ್ತಿದ ಮೇಲೆ ಕರೆಂಟ್ ಕೈಕೊಟ್ಟಿತು. ಯಂತ್ರಕ್ಕೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಆ ಫಲಕ ಈಗ ಬಚ್ಚಲ ಒಲೆಯ ಮುಂದೆ ಮಣೆಯಾಗಿದೆ. ಸ್ವಿಚ್ಚಿದ್ದರೆ ಕರೆಂಟ್ ಬಂದ ಮೇಲೆ ಹೋಮಿಂಗ್ (ಯಂತ್ರ ಸ್ವಿಚ್ಚು ಮುಟ್ಟಿ ತನ್ನ ಮೂಲ ಜಾಗ ಗುರುತಿಸುವುದು) ಮಾಡಿಸಬಹುದು. ಯಂತ್ರ ನಡೆಸುವ ಜಿಆರ್‌ಬಿಎಲ್ ಸಾಫ್ಟ್‌ವೇರ್ ತನ್ನ ನೆನಪಿನಲ್ಲಿರುವ ಜಿ54 ಸೊನ್ನೆಯನ್ನು, ಅಂದರೆ ಕೆತ್ತನೆಯ ಅಳತೆ ಶುರುವಾಗುವ ಜಾಗವನ್ನು, ಅಲ್ಲಿಂದ ಹುಡುಕಿಕೊಳ್ಳುತ್ತದೆ. ಅದಕ್ಕೂ ಮೊದಲು ಕೆತ್ತುವ ಬಿಟ್ಟು ಮರದೊಳಗೇ ಸಿಕ್ಕಿಕೊಂಡಿದೆಯಾ ನೋಡಿ, ಕೈಯಲ್ಲಿ ಮೇಲೆತ್ತಬೇಕು. ಗುಡುಗು ಕೇಳಿದರೆ ಪ್ಲಗ್ ಕಿತ್ತು ಚಾ ಕುಡಿಯುವುದು, ಬೇರೆ ಉಪಾಯ ಇಲ್ಲ.

ಜುಲೈ ತಿಂಗಳ ಕತೆಯೇ ಬೇರೆ. ಮಾರ್ಚ್‌ನಲ್ಲಿ ತೇವದ ಮೀಟರ್ ಶೇ. 12 ತೋರಿಸಿದ್ದ ಹಲಸಿನ ಹಲಗೆ ಈಗ 18 ತೋರಿಸುತ್ತಿದೆ. ಹಲಗೆಯ ಅಡಿ ಹಾಸುವ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಕೂಡ ಉಬ್ಬಿ ನಡುವೆ ಅರ್ಧ ಮಿಲಿಮೀಟರ್ ಎದ್ದಿತ್ತು. ಒಂದು ಮಿಲಿಮೀಟರ್ ಆಳದ ಬಳ್ಳಿ ಕೆತ್ತಲು ಹೋದರೆ ಒಂದು ಕಡೆ ಗೀರು, ಇನ್ನೊಂದು ಕಡೆ ಗುಂಡಿ. ಅಗಲದ ಬಿಟ್ಟಿನಿಂದ ಹಾಸನ್ನು ಮತ್ತೆ ಸಮ ಮಾಡಿ ಎರಡು ಕೈ ವಾರ್ನಿಷ್ ಹೊಡೆದೆ. ಹಲಗೆಗಳೆಲ್ಲ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಹೋದವು. ಅಜ್ಜ ನಾಟಾ ಒಣಗಿಸುತ್ತಿದ್ದದ್ದೂ ಅಲ್ಲೇ. ಅಷ್ಟೆಲ್ಲ ನಕ್ಷೆ ಬಿಡಿಸುವಾಗ ಅಟ್ಟವನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ ನೋಡಿ.

ಉಳಿ ಕೊಡತಿ ಮೂಲೆ ಸೇರಿಲ್ಲ. ಬಿಟ್ಟು ಮೇಲಿಂದ ಮಾತ್ರ ಇಳಿಯುತ್ತದೆ. ಎಲೆಯ ಅಡಿಯಿಂದ ಒಳಗೆ ಹೋಗುವ ಕೆತ್ತನೆ ಮೂರು ಅಕ್ಷದ ಯಂತ್ರಕ್ಕೆ ಆಗದ ಕೆಲಸ. ಸಾಗರದ ಗುಡಿಗಾರರ ಕೆತ್ತನೆ ಹತ್ತಿರದಿಂದ ನೋಡಿದವರಿಗೆ ಇದು ಗೊತ್ತಾಗುತ್ತದೆ. ನನ್ನ ಕೈ ಆ ಮಟ್ಟದ್ದಲ್ಲ. ಆದರೂ ಎರಡನೇ ಫಲಕದ ಎಲೆಗಳ ಅಡಿ ಉಳಿಯಿಂದ ಬಿಡಿಸಿದ ಮೇಲೇ ಅದಕ್ಕೆ ನೆರಳು ಬಂತು.

4 ಇಂಚಿನ ಹುಡಿ ಪೈಪು ಇನ್ನೂ ಎಳೆದಿಲ್ಲ, ಮಳೆ ಬಿಡಲಿ. ಸದ್ಯಕ್ಕೆ ಹಲಸಿನ ಹಳದಿ ಹುಡಿಯನ್ನು ಅಪ್ಪ ಗೋಣಿಯಲ್ಲಿ ತುಂಬಿ ಹಸುಗಳ ಕಾಲಡಿಗೆ ಹಾಕುತ್ತಿದ್ದಾರೆ. ಎಂಡಿಎಫ್ ಹುಡಿಯಲ್ಲಿ ಅಂಟು ಇರುತ್ತದೆ, ಅದಕ್ಕೆ ಬೇರೆ ಗೋಣಿ. ಅದರ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ "ಬ್ಯಾಡ" ಎಂದು ಬರೆದಿದ್ದಾರೆ.