ಗೆದ್ದದ್ದು ಗೂಬೆಯೋ, ನೈಟಿಂಗೇಲೋ?

ನಡುಗಾಲದ ಇಂಗ್ಲಿಷ್ ಮತ್ತು ಸ್ಕಾಟ್ಸ್ (ಸ್ಕಾಟ್ಲೆಂಡಿನ, ಇಂಗ್ಲಿಷ್‌ಗೆ ಹತ್ತಿರದ ನುಡಿ) ಸಂವಾದ ಕವನಗಳ, ಅಂದರೆ ಇಬ್ಬರು ವಾದಕ್ಕಿಳಿಯುವ ಕವನಗಳ, ವಿಚಾರ ಎಲ್ಲಿ ಎತ್ತಿದರೂ ಕೊನೆಗೆ ಒಬ್ಬರಾದರೂ ಕೇಳುತ್ತಾರೆ: ‘ಅದೆಲ್ಲ ಇರಲಿ, ಗೆದ್ದವರು ಯಾರು?’ ಹೆಚ್ಚಾಗಿ ಈ ಪ್ರಶ್ನೆ ಬರುವುದು ಎರಡು ಹಕ್ಕಿಗಳು ಜಗಳವಾಡುವ ‘ಗೂಬೆ ಮತ್ತು ನೈಟಿಂಗೇಲ್’ ಎಂಬ ಇಂಗ್ಲಿಷ್ ಕವನದ ಬಗ್ಗೆ. ಕವಿ ಹೇಳಿಲ್ಲ. ನನ್ನ ಮತ ಮಾತ್ರ ಗೂಬೆಗೆ.

ಸುಮಾರು 1,800 ಸಾಲುಗಳ ಈ ಕವನದಲ್ಲಿ ತೀರಿಕೊಂಡ ಹೆನ್ರಿ ದೊರೆಯ ಆತ್ಮಕ್ಕೆ ಶಾಂತಿ ಕೋರುವ ಮಾತೊಂದಿದೆ. ಆತ ಇಂಗ್ಲೆಂಡಿನ ಎರಡನೆಯ ಹೆನ್ರಿಯಾದರೆ ಇದು 1189ರ ನಂತರದ್ದು. ಕನ್ನಡಕ್ಕೆ ತರುವಾಗ ಕೆಲವರು ನೈಟಿಂಗೇಲನ್ನು ಕೋಗಿಲೆ ಮಾಡಿಬಿಡುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಇದು ರಾತ್ರಿಯೂ ಹಾಡುವ, ಕಂದು ಬಣ್ಣದ ಪುಟ್ಟ ಹಕ್ಕಿ.

ಜಗಳ ಶುರು ಮಾಡುವುದು ಅದೇ. ನಿನ್ನ ಕೂಗು ಅಪಶಕುನ, ನಿನ್ನ ಗೂಡು ಹೊಲಸು ಎನ್ನುತ್ತದೆ. ಎಲ್ಲದಕ್ಕೂ ಗೂಬೆಯ ತಲೆಯ ಮೇಲೇ ಗೂಬೆ ಕೂರಿಸುವುದು ಎಂದರೆ ಇದೇ ಇರಬೇಕು! ಗೂಬೆಯೇನು ಸುಮ್ಮನಿರುವುದಿಲ್ಲ. ಬರಲಿರುವ ಕೇಡನ್ನು ಮೊದಲೇ ತಿಳಿಸಿ ಎಚ್ಚರಿಸುವುದು ತಪ್ಪೇ? ನೀನು ಹಾಡುವುದು ಕಕ್ಕಸಿನ ಹಿಂದಿನ ತುರಿಕೆ ಗಿಡಗಳಲ್ಲಿ ಕುಳಿತು. ನಿನ್ನ ಹಾಡು ಕೇಳಿ ಹೆಂಗಸರು ದಾರಿ ತಪ್ಪುತ್ತಾರೆ. ಕೊನೆಗೆ, ಸತ್ತ ಮೇಲೂ ನಾನು ಉಪಯೋಗಕ್ಕೆ ಬರುತ್ತೇನೆ, ನನ್ನ ಹೆಣವನ್ನು ಕೋಲಿಗೆ ಕಟ್ಟಿ ಕಾಡಿನಲ್ಲಿ ನಿಲ್ಲಿಸಿದರೆ ಸಣ್ಣ ಹಕ್ಕಿಗಳನ್ನು ಸೆಳೆದು ಹಿಡಿಯಬಹುದು ಎನ್ನುತ್ತದೆ. ನಿನ್ನ ಅವಮಾನವನ್ನು ನೀನೇ ಕೊಚ್ಚಿಕೊಂಡೆ, ಸೋತೆ ಎಂದು ನೈಟಿಂಗೇಲ್ ಕುಣಿಯುತ್ತದೆ. ನನಗೋ, ಇಡೀ ಕವನದಲ್ಲಿ ಇದಕ್ಕಿಂತ ಗಟ್ಟಿಯಾದ ವಾದ ಕಾಣುವುದಿಲ್ಲ.

ತೀರ್ಪಿಗಾಗಿ ಎರಡೂ ಇಂಗ್ಲೆಂಡಿನ ಡಾರ್ಸೆಟ್‌ನ ಪೋರ್ಟೆಶಮ್ ಎಂಬ ಊರಿನಲ್ಲಿರುವ, ‘ಗಿಲ್ಡ್‌ಫರ್ಡ್‌ನ ನಿಕೊಲಸ್’ ಎಂಬ ಜಾಣನ ಬಳಿಗೆ ಹಾರುತ್ತವೆ. ಮುಂದೇನಾಯಿತೋ ಹೇಳಲಾರೆ, ಕಥೆ ಇಷ್ಟೇ ಎಂದು ಕವಿ ಜಾರಿಕೊಳ್ಳುತ್ತಾನೆ. ಹಾರುವ ಮುನ್ನ ಮಾತ್ರ, ಇಂಥ ಜಾಣನಿಗೆ ಒಳ್ಳೆಯ ಹುದ್ದೆ ಕೊಡದ ಬಿಷಪ್‌ಗಳಿಗೆ ನಾಚಿಕೆಯಾಗಬೇಕು ಎಂಬ ಮಾತು ಬಂದುಹೋಗುತ್ತದೆ. ನಿಕೊಲಸನ ಪರವಾಗಿ ಬರೆದ ಬಲು ಉದ್ದದ ಶಿಫಾರಸು ಪತ್ರವಿದು ಎಂದು ಗುಮಾನಿಪಟ್ಟವರಿದ್ದಾರೆ. ನನಗೂ ಅದೇ ಗುಮಾನಿ.

ಗೆಲುವು ಸ್ಪಷ್ಟವಾಗಿ ಬೇಕೆನ್ನುವವರಿಗೆ ನಾನು ಹದಿನೈದನೆಯ ಶತಮಾನದ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಹೆನ್ರಿಸನ್‌ನ ‘ರಾಬಿನ್ ಮತ್ತು ಮೇಕಿನ್’ ಕೊಡುತ್ತೇನೆ. ಮೇಕಿನ್ ಒಲಿದು ಬಂದಾಗ ರಾಬಿನ್‌ಗೆ ಕುರಿಗಳ ಚಿಂತೆ. ಆಮೇಲೆ ಅವನೇ ಹಿಂದೆ ಓಡುತ್ತಾನೆ. ಸಿಗುವಾಗ ಬೇಡವೆಂದವನಿಗೆ ಬೇಕೆಂದಾಗ ಸಿಗದು ಎಂದು ಹೇಳಿ ಅವಳು ನಗುತ್ತ ಮನೆಗೆ ಹೋಗುತ್ತಾಳೆ.

ಇನ್ನೊಂದು, ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸ್‌ನ ಕಾಲದಲ್ಲಿ ಕವಿಗಳಾದ ವಿಲಿಯಂ ಡನ್‌ಬಾರ್ ಮತ್ತು ವಾಲ್ಟರ್ ಕೆನೆಡಿ ನಡೆಸಿದ ಬೈಗುಳದ ಕಾಳಗ. ಸ್ಕಾಟ್ಸ್ ಭಾಷೆಯಲ್ಲಿ ಇದಕ್ಕೆ ‘ಫ್ಲೈಟಿಂಗ್’ ಎನ್ನುತ್ತಾರೆ. ಡನ್‌ಬಾರ್ ಕೆನೆಡಿಯ ಗೇಲಿಕ್ ನುಡಿಯನ್ನೇ (ಸ್ಕಾಟ್ಸ್‌ಗಿಂತ ಬೇರೆಯಾದ, ಸ್ಕಾಟ್ಲೆಂಡಿನ ಇನ್ನೊಂದು ಭಾಷೆ) ಹೀಯಾಳಿಸಿದರೆ, ನಿಜವಾದ ಸ್ಕಾಟರೆಲ್ಲರ ನುಡಿ ಅದೇ ಆಗಬೇಕಿತ್ತು ಎಂದು ಕೆನೆಡಿ ತಿರುಗೇಟು ಕೊಡುತ್ತಾನೆ. 1568ರಲ್ಲಿ ಜಾರ್ಜ್ ಬ್ಯಾನಟೈನ್ ಇದನ್ನು ತನ್ನ ಸಂಗ್ರಹದಲ್ಲಿ ಬರೆದಿಟ್ಟ. ಅಲ್ಲಿ ಕವನದ ಕೆಳಗಿರುವ ಸಾಲು: ಸೋತವರು ಯಾರೆಂದು ಈಗ ನೀವೇ ತೀರ್ಮಾನಿಸಿ.