ಎರಡು ವೋಲ್ಟ್ ಎಲ್ಲಿ ಹೋತು?

ಡಿಪ್ಲೊಮಾ ಎರಡನೇ ವರ್ಷದ ಲ್ಯಾಬ್ ರೆಕಾರ್ಡ್ ಇನ್ನೂ ನನ್ನ ಹತ್ತಿರ ಇದೆ. ರಟ್ಟಿನ ಅಂಚನ್ನು ಗೆದ್ದಲು ತಿಂದಿದೆ. ಒಂದು ಪುಟದಲ್ಲಿ ನಾನು ಬರೆದ 5.0, 5.0 ಎಂಬ ಎರಡು ಅಂಕಿಗಳಿಗೆ ಕೆಂಪು ಗೀಟು ಎಳೆದು, ಪಕ್ಕಕ್ಕೆ ಸರ್ ಒಂದೇ ಮಾತು ಬರೆದಿದ್ದಾರೆ: ‘ಯಾರವು?’

ನಾವು 1994ರಲ್ಲಿ ರಾಯಚೂರಿಗೆ ಬಂದ ಬ್ಯಾಚು. ನಾನು ಮಾನ್ವಿ ಕಡೆಯ ಹಳ್ಳಿಯವನು, ಎಸ್‌ಎಸ್‌ಎಲ್‌ಸಿವರೆಗೂ ಕನ್ನಡ ಮಾಧ್ಯಮ. ಮೊದಲ ತಿಂಗಳು ಕ್ಲಾಸಿನಲ್ಲಿ ತಿಳಿದದ್ದಕ್ಕಿಂತ ತಗಡಿನ ಶೀಟಿನ ಕೆಳಗೆ ಕುಳಿತು ಬೆವರು ಒರೆಸಿಕೊಂಡದ್ದೇ ಹೆಚ್ಚು. ಸರ್ಕ್ಯೂಟ್ ಪಾಠಕ್ಕೆ ಬರುತ್ತಿದ್ದ ಸರ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರೇ ಬೈಯುತ್ತಾರೆ. ನಮ್ಮ ಬ್ಯಾಚಿನವರಿಗೆ ಹೇಳದೆಯೂ ಗೊತ್ತು.

ಸರ್ಕ್ಯೂಟಿನ ಎರಡು ಮೂಲ ನಿಯಮ ಕೊಟ್ಟ ಜರ್ಮನ್ ವಿಜ್ಞಾನಿ ಕಿರ್ಚಾಫ್ ಹೆಸರು ನಮ್ಮ ಬಾಯಿಗೆ ಹೊಂದದೆ ‘ಕಿರ್ಚಪ್ಪ’ ಆಗಿತ್ತು. ಸರ್ ಅದನ್ನು ಕೇಳಿಯೂ ತಿದ್ದಲಿಲ್ಲ. “ಆ ಕಿರ್ಚಪ್ಪ 1845ರಾಗ ಈ ಎರಡು ನಿಯಮ ಬರೆದಾಗ ಅವನಿಗೆ 21 ವರ್ಷ. ಇನ್ನೂ ಓದೋ ಹುಡುಗ. ನಿಮಗೂ ಹತ್ತಿರ ಹತ್ತಿರ ಅಷ್ಟೇ ವಯಸ್ಸು, ನೀವು ಬರಿಬ್ಯಾಡ್ರಿ, ತಿಳ್ಕೊಂಡರ ಸಾಕು” ಅಂದರು.

ಮೊದಲನೇ ನಿಯಮಕ್ಕೆ ಅವರು ಹಿಡಿದದ್ದು ತುಂಗಭದ್ರಾ ಎಡದಂಡೆ ಕಾಲುವೆ. ಕ್ಲಾಸಿನಲ್ಲಿ ಅರ್ಧಕ್ಕೆ ಅರ್ಧ ಹುಡುಗರು ಕೆಳಭಾಗದ ರೈತರ ಮಕ್ಕಳು. ಕಾಲುವೆಯ ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಅನ್ನುವುದು ನಮ್ಮ ಮನೆಗಳಲ್ಲಿ ಊಟದ ಹೊತ್ತಿನ ಮಾತು. “ಒಂದು ಕವಲಿಗೆ ಎಷ್ಟು ನೀರು ಬಂತೋ ಅಷ್ಟೇ ಮುಂದಿನ ಎರಡು ಕಾಲುವಿಗೆ ಹೋಗಬೇಕು. ಹೋಗ್ತೈತೇನು?” ಎಂದು ಕೇಳಿದರು. ಇಡೀ ಕ್ಲಾಸು ‘ಇಲ್ರಿ’ ಅಂತು. “ಯಾಕ? ನಡುವ ಪೈಪ್ ಹಾಕೋರು ಅದಾರ, ಇಂಗೋದು ಐತಿ, ಆವಿಯಾಗೋದು ಐತಿ. ನೋಡ್‌ನಾಗ, ಅಂದ್ರ ತಂತಿಗಳು ಕೂಡೋ ಜಾಗದಾಗ, ಪೈಪ್ ಹಾಕೋರು ಯಾರೂ ಇಲ್ಲ. ಬಂದ ಕರೆಂಟೆಲ್ಲಾ ಹೋಗಲೇಬೇಕು. ಲೆಕ್ಕ ತಪ್ಪಿದ್ರ ನೀ ಒಂದು ದಾರಿ ಬಿಟ್ಟಿ ಅಂತ ತಿಳ್ಕೊ.” ನೀರಿಗೆ ಕಾದು ಕೂತ ಮನೆಯ ಹುಡುಗನಿಗೆ ಇದಕ್ಕಿಂತ ಚೆನ್ನಾಗಿ ಆ ನಿಯಮವನ್ನು ಇನ್ನಾರೂ ಹೇಳಲಾರರು.

ಎರಡನೇ ನಿಯಮ ಲೂಪಿನದು: ಸರ್ಕ್ಯೂಟಿನಲ್ಲಿ ಒಂದು ಪೂರ್ತಿ ಸುತ್ತು ಹಾಕಿದರೆ, ಸಪ್ಲೈ ಕೊಟ್ಟ ವೋಲ್ಟೇಜೂ ದಾರಿಯಲ್ಲಿ ಬಿದ್ದ ವೋಲ್ಟೇಜುಗಳ ಮೊತ್ತವೂ ಸಮ. ಆ ಲೆಕ್ಕಕ್ಕೆ ಬಂದಾಗ ನಮ್ಮೆಲ್ಲರದು ಒಂದೇ ಹೆದರಿಕೆ. ಕರೆಂಟಿನ ಬಾಣ ಯಾವ ಕಡೆ ಹಾಕಬೇಕು? “ನಿನಗ ಮನಸ್ಸು ಬಂದ ಕಡೆ ಹಾಕು. ಹಾಕಿದ ಮ್ಯಾಲೆ ಕೊನೀತನಕ ಅದನ್ನೇ ನಡೆಸು. ಉತ್ತರ ಮೈನಸ್ ಬಂದ್ರ ರಬ್ಬರ್ ಹಿಡೀಬ್ಯಾಡ, ಕರೆಂಟು ಆ ಕಡೆಯಿಂದ ಬರಾಕತ್ತೈತಿ ಅಷ್ಟೇ.” ನನಗೋ ಮೈನಸ್ ಕಂಡರೆ ಅವಮಾನ. ಕದ್ದು ಅಳಿಸಿ ಬಾಣ ತಿರುಗಿಸಿದ್ದು ಎಷ್ಟು ಸಲವೋ.

ಈಗ ಆ ಕೆಂಪು ಗೀಟಿನ ಕಥೆ. ಪ್ರಯೋಗ ಬಹಳ ಸುಲಭದ್ದು: ಒಂದೇ ಅಳತೆಯ ಎರಡು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಒಂದರ ಹಿಂದೊಂದು ಸರಣಿಯಲ್ಲಿ, 10 ವೋಲ್ಟ್ ಸಪ್ಲೈ. ಒಂದೊಂದರ ಮೇಲಿನ ವೋಲ್ಟೇಜ್ ಅಳೆದು, ಕೂಡಿಸಿ, 10 ಬಂತು ಎಂದು ಬರೆದು, ಎರಡನೇ ನಿಯಮ ಸಿದ್ಧವಾಯಿತು ಎಂದು ಸಹಿ ಹಾಕಿಸಿಕೊಳ್ಳುವುದು. ಸೀನಿಯರ್‌ಗಳ ರೆಕಾರ್ಡಿನಲ್ಲಿ 5.0, 5.0, 10.0 ಎಂದು ವರ್ಷದಿಂದ ವರ್ಷಕ್ಕೆ ಇಳಿದು ಬಂದಿತ್ತು. ನಾವು ಲ್ಯಾಬಿಗೆ ಹೋಗುವ ಮೊದಲೇ ಅದನ್ನು ಇಳಿಸಿಕೊಂಡು, ಮಿಕ್ಕ ಹೊತ್ತಿಗೆ ಗೇಟಿನ ಎದುರಿನ ಬಂಡಿಯಲ್ಲಿ ಮಂಡಾಳು ವಗ್ಗರಣಿ, ಮಿರ್ಚಿ ತಿನ್ನುವುದೆಂದು ಗೊತ್ತು ಮಾಡಿಕೊಂಡಿದ್ದೆವು.

ಆ ದಿನ ಸರ್ ರೆಸಿಸ್ಟರ್ ಡಬ್ಬಿಯನ್ನೇ ಬದಲಿಸಿದ್ದರು. ಒಂದು ಸಾವಿರ ಓಮಿನವುಗಳ ಜಾಗದಲ್ಲಿ ಕಂದು, ಕಪ್ಪು, ಹಳದಿ ಪಟ್ಟಿಯವು, ಒಂದು ಲಕ್ಷ ಓಮಿನವು. ತಡೆ ಎಷ್ಟೆಂದು ಹೇಳುವ ಆ ಬಣ್ಣದ ಪಟ್ಟಿಯನ್ನು ನಾವು ನೋಡಲೇ ಇಲ್ಲ. ರೆಕಾರ್ಡ್ ಮುಂದಿಟ್ಟಾಗ ಅವರು ಅದನ್ನು ಓದಿ, ಬೈಯದೆ, ಮುಳ್ಳಿನ ಮಲ್ಟಿಮೀಟರನ್ನು ನನ್ನ ಕೈಗೆ ಕೊಟ್ಟರು.

“ಅಳಿ.”

10 ವೋಲ್ಟ್ ರೇಂಜಿಗೆ ತಿರುಗಿಸಿ ಕಡ್ಡಿ ಇಟ್ಟೆ. ಮುಳ್ಳು 4ಕ್ಕೆ ಬಂದು ನಿಂತಿತು. ಎರಡನೆಯದರ ಮೇಲೆ ಇಟ್ಟೆ, ಅದೂ 4. ಸಪ್ಲೈ ಮೇಲೆ ಇಟ್ಟರೆ ಸರಿಯಾಗಿ 10.

“ನಾಕು ನಾಕು ಎಂಟು. ಎರಡು ವೋಲ್ಟ್ ಎಲ್ಲಿ ಹೋತು?”

ವೈರ್ ಸಡಿಲ ಅಂದೆ. ಹಿಂದೆ ನಿಂತ ಗೆಳೆಯ ಮೀಟರ್ ಕೆಟ್ಟಿದೆ ಅಂದ. ಸರ್ ಏನೂ ಹೇಳದೆ ರೇಂಜನ್ನು 50ಕ್ಕೆ ತಿರುಗಿಸಿದರು. ಈಗ ಮುಳ್ಳು ಸ್ವಲ್ಪವೇ ಎದ್ದಿತು, ಆದರೆ ಬಗ್ಗಿ ನೋಡಿದರೆ 4.7, 4.8ರ ಹತ್ತಿರ. ಅದೇ ರೆಸಿಸ್ಟರ್, ಅದೇ ಸಪ್ಲೈ, ಗುಂಡಿ ತಿರುಗಿಸಿದ್ದಕ್ಕೆ ವೋಲ್ಟೇಜೇ ಬೇರೆ. ವಗ್ಗರಣಿ ಮರೆತೇ ಹೋಯಿತು.

ಅವರು ಮೀಟರಿನ ಡಯಲ್ಲಿನ ಮೂಲೆಯಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರಕ್ಕೆ ಬೆರಳಿಟ್ಟರು. ಒಂದು ವೋಲ್ಟಿಗೆ 20 ಸಾವಿರ ಓಮ್. ಅಂದರೆ 10ರ ರೇಂಜಿನಲ್ಲಿ ಮೀಟರೇ ಎರಡು ಲಕ್ಷ ಓಮಿನ ಇನ್ನೊಂದು ದಾರಿ. ಮೇಲಿನ ಒಂದು ಲಕ್ಷದ ರೆಸಿಸ್ಟರಿಗೆ ಅದು ಪ್ಯಾರಲಲ್ (ಪಕ್ಕದ ದಾರಿಯಾಗಿ) ಕೂತರೆ ಎರಡೂ ಸೇರಿ 66,667ಕ್ಕೆ ಇಳಿಯುತ್ತವೆ. ಕೆಳಗಿನ ರೆಸಿಸ್ಟರ್ ಒಂದು ಲಕ್ಷವಾಗಿಯೇ ಇದೆ. 10 ವೋಲ್ಟನ್ನು ಆ ಪ್ರಮಾಣದಲ್ಲಿ ಹಂಚಿದರೆ ಮೇಲಿನದಕ್ಕೆ ಬರುವುದು ಸರಿಯಾಗಿ 4, ಕೆಳಗೆ ಆ ಹೊತ್ತಿನಲ್ಲಿ 6. ಮೀಟರನ್ನು ಕೆಳಗಿಟ್ಟರೆ ಅಲ್ಲಿ 4, ಮೇಲೆ 6. ಕಿರ್ಚಪ್ಪನದು ತಪ್ಪಿರಲಿಲ್ಲ. ಎರಡು ಬೇರೆ ಬೇರೆ ಸರ್ಕ್ಯೂಟಿನ ಅಂಕಿಗಳನ್ನು ನಾನು ಒಂದೇ ಎಂದು ಕೂಡಿಸಿದ್ದೆ. 50ರ ರೇಂಜಿನಲ್ಲಿ ಮೀಟರು 10 ಲಕ್ಷ ಓಮ್, ಹಾಗಾಗಿ ಕದಿಯುವುದು ಕಡಿಮೆ, 4.76. ಸಾವಿರ ಓಮಿನ ಹಳೇ ರೆಸಿಸ್ಟರಿಗಾದರೆ ಈ ಕಳವು ಕಣ್ಣಿಗೇ ಕಾಣುತ್ತಿರಲಿಲ್ಲ. ಹಾಗಾಗಿ ಸೀನಿಯರ್‌ಗಳ 5.0 ಸುಳ್ಳಲ್ಲ, ಅವರ ಮಟ್ಟಿಗೆ. ನನ್ನದು ಸುಳ್ಳು.

ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರಕ್ಕೆ ಕರೆದುಕೊಂಡು ಹೋದದ್ದೂ ಅದೇ ವರ್ಷ. 1985ರಲ್ಲಿ ಶುರುವಾದ ಮೊದಲನೇ ಯುನಿಟ್ ಸೇರಿ, 210 ಮೆಗಾವಾಟಿನ ಜನರೇಟರುಗಳು. ಹೊರಗೆ ಬರುವುದು 15.75 ಕಿಲೋವೋಲ್ಟ್, ಪೂರ್ತಿ ಲೋಡಿಗೆ ಸುಮಾರು 9,000 ಆಂಪಿಯರ್. ನಾವು ಬಾಯಿ ತೆರೆದು ನೋಡಿದೆವು, ಬಸ್ಸಿನಲ್ಲಿ ಹಾಡಿಕೊಂಡು ಬಂದೆವು. ನನಗೆ ಅಲ್ಲಿ ಕಲಿತದ್ದಕ್ಕಿಂತ ನಮ್ಮ ಹೊಲದ ಬಾವಿಯಲ್ಲಿ ಕಲಿತದ್ದು ಹೆಚ್ಚು.

ಕಾಲುವೆ ನೀರು ನಂಬಲಾಗದೆ ಅಪ್ಪ ಬಾವಿಗೆ 5 ಎಚ್‌ಪಿ ಮೋಟಾರ್ ಕೂಡಿಸಿದ್ದ. ಒಂದೇ ವರ್ಷದಲ್ಲಿ ಎರಡು ಸಲ ಕಾಯಿಲ್ ಸುಟ್ಟಿತು. ಲೈನ್‌ಮನ್ ಬಂದು, ಟೆಸ್ಟರ್ ಇಟ್ಟು, ಮೀಟರ್ ಹಿಡಿದು “ನಾಕುನೂರರ ಮ್ಯಾಲೆ ಐತಿ ಮಾವ, ನಿಂದು ಮೋಟಾರೇ ಸರಿ ಇಲ್ಲ” ಅಂದು ಹೋಗಿದ್ದ. ದಸರಾ ರಜೆಗೆ ಸರ್ ಹತ್ತಿರ ಮೀಟರ್ ಕೇಳಿದೆ. ಕೊಟ್ಟರು. “ಒಂದು ಕೈ ಬೆನ್ನ ಹಿಂದ ಇಟ್ಕೊಂಡು ಅಳಿ, ಕೆಳಗ ಒಣ ಹಲಗಿ ಇರಲಿ” ಎಂದು ಎರಡು ಸಲ ಹೇಳಿದರು.

ನಮ್ಮದೂ ಮೇಲಿನ ಹೊಲಗಳವೂ ಮೋಟಾರ್ ಬಂದ್ ಇದ್ದಾಗ 405. ಲೈನ್‌ಮನ್ ಹೇಳಿದ್ದು ಖರೆ. ಅಪ್ಪನಿಗೆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಲು ಹೇಳಿದೆ. ಮೋಟಾರ್ ಗುಂಯ್ ಎಂದು ನರಳಿ ಎದ್ದು ನಿಂತು, ಮೇಲಿನವರ ಮೋಟಾರುಗಳೂ ಶುರುವಾದ ಮೇಲೆ ನೋಡಿದರೆ 340. ಇಲ್ಲಿ ಮೀಟರ್ ಕದ್ದಿರಲಿಲ್ಲ, ಲಕ್ಷಗಟ್ಟಲೆ ಓಮಿನ ಮೀಟರಿಗೆ ಕೆಲವೇ ಓಮಿನ ತಂತಿಯಿಂದ ಕದಿಯಲು ಏನೂ ಇಲ್ಲ. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ನಮ್ಮ ಬಾವಿವರೆಗಿನ ಉದ್ದ ತಂತಿ, ನಡುವೆ ಹತ್ತಾರು ಪಂಪ್‌ಸೆಟ್ಟು, ಎಲ್ಲರ ಕರೆಂಟು ಅದೇ ತಂತಿಯಲ್ಲಿ ಹರಿದು ಬೀಳಿಸಿದ ವೋಲ್ಟೇಜು ಅದು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 415ಕ್ಕೆ ಕಟ್ಟಿದ ಮೋಟಾರಿಗೆ 340ರಲ್ಲಿ ಉಳಿಯುವುದು ಮೂರರಲ್ಲಿ ಎರಡು ಪಾಲು. ನೀರು ಎತ್ತಲು ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ, ಕಾಯಿಲ್ ಕಾಯುತ್ತದೆ, ಒಂದು ದಿನ ಸುಡುತ್ತದೆ.

“ಹಂಗಾದ್ರ ಆ ಲೈನ್‌ಮನ್ ಸುಳ್ಳು ಹೇಳಿಲ್ಲ?” ಅಪ್ಪ ಕೇಳಿದ.

“ಇಲ್ಲಪ್ಪ. ಅವ ಎಲ್ಲಾ ಬಂದ್ ಇದ್ದಾಗ ಅಳದಾನ.”

ಅಪ್ಪ ಒಂದು ಬೀಡಿ ಹಚ್ಚಿ ಲೈನಿನ ಉದ್ದಕ್ಕೂ ನೋಡಿದ. ಮೇಲಿನ ಹೊಲಗಳಲ್ಲಿ ಒಂದೊಂದೇ ಮೋಟಾರು ಓಡುತ್ತಿತ್ತು. ಅವನು ಓಮ್ ಕೇಳಿದವನಲ್ಲ, ಆದರೆ ಕಾಲುವೆಯ ಕೊನೆಯಲ್ಲಿ ಇರುವುದು ಅಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವನು. ಹೊಸ ಟಿಸಿಗೆ ಅರ್ಜಿ ಕೊಟ್ಟೆವು, ಆ ವರ್ಷ ಬರಲಿಲ್ಲ. ರಾತ್ರಿ ಪಾಳಿಯ ತ್ರೀ ಫೇಸ್ ಇದ್ದ ವಾರ, ಮೇಲಿನವರೆಲ್ಲ ಬಂದ್ ಮಾಡಿ ಮಲಗುವವರೆಗೂ ಅಪ್ಪ ಬಾವಿ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದ. ಒಂದು ಗಂಟೆ ಆದಮೇಲೆ ಗುಂಡಿ ಒತ್ತುತ್ತಿದ್ದ. ನಾನು ಬ್ಯಾಟರಿ ಬೆಳಕಿನಲ್ಲಿ ಅಳೆದೆ: 385.

ಸರ್‌ಗೆ ಮೀಟರ್ ವಾಪಸ್ ಕೊಡುವಾಗ ಮೂರೂ ಅಂಕಿ ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಓದಿ, “ಇವು ನಿನ್ನವು” ಅಂದು ಚೀಟಿಯನ್ನು ಅಂಗಿ ಜೇಬಿಗೆ ಹಾಕಿಕೊಂಡರು.